ಕಣ್ಣಾಗಿಂದ ಹೋಗವಲ್ದು: ಎರಡು ಬೆರಳು ಆಡಿಸಿ ಅಂಜಿಕೆ ಬಿಡಿಸುವ ಚಿಕಿತ್ಸೆಯ ಕಥೆ

ಹಲಗೇರಿಯ ನಮ್ಮ ಮನೆಯ ಮಾಳಿಗೆ ಮೇಲಿನ ಖೋಲಿಯಿಂದ ಮಾತಾಡ್ತಾ ಇದ್ದೀನಿ. ಕರೆಂಟ್ ಇರೋದರೊಳಗೆ ರೆಕಾರ್ಡಿಂಗ್ ಮುಗಿಸಬೇಕು, ಅದಕ್ಕೆ ಪೀಠಿಕೆ ಕಡಿಮೆ. ನಡುವೆ ಎಮ್ಮೆ ಕೂಗಿದ್ದು ಕೇಳಿಸಿದರೆ ಹೊಟ್ಟೆಗೆ ಹಾಕ್ಕೊಳ್ರಿ.

ಈ ಸಂಚಿಕೆ ಶುರುವಾಗೋದು ನಾನೇ ಮಾಡಿದ ಒಂದು ತಪ್ಪಿನಿಂದ.

ನಮ್ಮ ಕಾಕಾ, ಅಂದ್ರೆ ಅಪ್ಪನ ತಮ್ಮ, 2019ರ ತನಕ ಮೆಣಸಿನಕಾಯಿ ಬೆಳೀತಿದ್ದರು. ಬ್ಯಾಡಗಿ ಮಾರ್ಕೆಟ್ಟಿಗೆ ಹಿಂದಿನ ರಾತ್ರಿನೇ ಚೀಲ ಹೇರಿಕೊಂಡು ಹೋಗೋದು ಅವರ ರೂಢಿ. ಆ ವರ್ಷದ ಜನವರಿಯಲ್ಲೂ ಹಾಗೇ, ಊರಿನ ಗೆಳೆಯರೊಬ್ಬರ ಟಾಟಾ ಏಸ್‌ನಲ್ಲಿ ಚೀಲ ಹೇರಿಸಿ, ರಾಣೆಬೆನ್ನೂರಿಗೆ ಬಂದು ಹೈವೇ ಹತ್ತಿದರು. ಮೋಟೆಬೆನ್ನೂರು ಕ್ರಾಸ್ ಇನ್ನೇನು ಬಂತು ಅನ್ನುವಾಗ, ಲೈಟು ಇಂಡಿಕೇಟರ್ ಏನೂ ಇಲ್ಲದೆ ರಸ್ತೆ ಪಕ್ಕ ನಿಂತಿದ್ದ ಲಾರಿಗೆ ಗಾಡಿ ಹಿಂದಿನಿಂದ ಹೊಡೀತು. ಓಡಿಸ್ತಿದ್ದ ಗೆಳೆಯರು ಅಲ್ಲೇ ಹೋಗಿಬಿಟ್ಟರು. ಕಾಕಾಗೆ ಹೆಗಲಿನ ಎಲುಬು ಮುರೀತು, ಅಷ್ಟೇ. ಹೌದು, ಆಗ ನಾವೆಲ್ಲ "ಅಷ್ಟೇ" ಅಂತಾನೇ ಅಂದದ್ದು. ದೇವರು ದೊಡ್ಡವನು ಅಂದೆವು.

ಎಲುಬು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಚಿಗವ್ವ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಸಾಕು, ಕಾಕಾ ಊಟದ ತಾಟು ಬಿಟ್ಟು ಹೊರಗೆ ಹೋಗಿ ನಿಲ್ಲೋರು. ರಾತ್ರಿ ಮೂರಕ್ಕೆ ಎದ್ದು ಕೂರೋರು. ಹಿಂದೆ ಲಾರಿ ಹಾರ್ನ್ ಹೊಡೆದರೆ ಸೈಕಲ್ ಇಳಿದುಬಿಡೋರು. ಮರುವರ್ಷ ಮೆಣಸಿನಕಾಯಿ ಬಿಟ್ಟು ಗೋವಿನಜೋಳ ಹಾಕಿದರು. ನಾನು ಬಿ.ಕಾಂ. ಓದಿದವನಲ್ವಾ, ಪೆನ್ನು ಹಾಳೆ ತಗೊಂಡು ಕೂತು, ಇದು ಲುಕ್ಸಾನಿನ ದಾರಿ ಅಂತ ಎಕರೆ ಲೆಕ್ಕದಲ್ಲಿ ತೋರಿಸಿಕೊಟ್ಟೆ. ಅವರು ಹಾಳೆ ನೋಡಲೂ ಇಲ್ಲ. "ಕಣ್ಣಾಗಿಂದ ಹೋಗವಲ್ದಪಾ," ಅಂದರು. "ರೋಡ್ ತುಂಬಾ ಕೆಂಪಗ ಬಿದ್ದಿತ್ತು. ಯಾವುದು ಕಾಯಿ, ಯಾವುದು ರಕ್ತ, ಗೊತ್ತಾಗ್ಲಿಲ್ಲ."

ಹೋದ ವರ್ಷ ನನ್ನ ಫೋನಿಗೆ ಒಂದು ರೀಲ್ ಬಂತು. ಕಪ್ಪು ಸ್ಕ್ರೀನ್ ಮೇಲೆ ಬೆಳ್ಳನೆ ಗೋಲಿ ಎಡಕ್ಕೂ ಬಲಕ್ಕೂ ಓಡ್ತದೆ. ಹೆಡ್‌ಫೋನಿನಲ್ಲಿ ಒಮ್ಮೆ ಈ ಕಿವಿಗೆ, ಒಮ್ಮೆ ಆ ಕಿವಿಗೆ ಟಕ್, ಟಕ್. ಐದೇ ನಿಮಿಷದಲ್ಲಿ ಹಳೇ ಆಘಾತ ಮಾಯ ಅಂತ ಕೆಳಗೆ ಬರೆದಿತ್ತು. ನಿಮಗೂ ಬಂದಿರುತ್ತೆ, ಈ ಅಲ್ಗಾರಿದಮ್ ಯಾರನ್ನೂ ಬಿಡೋದಿಲ್ಲ. ನಾನು ಕಾಕಾನ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, "ಗೋಲಿ ನೋಡ್ಕೋತ ಆ ರಾತ್ರಿ ನೆನಸ್ಕೋ ಕಾಕಾ" ಅಂದೆ. ಮೂರು ನಿಮಿಷಕ್ಕೆ ಅವರು ಹೆಡ್‌ಫೋನ್ ಕಿತ್ತು ಒಗೆದರು. ಮೈಯೆಲ್ಲ ಬೆವರು. ಆಮೇಲೆ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಚಿಗವ್ವ ನನಗೆ ಬೈದದ್ದನ್ನ ಇಲ್ಲಿ ಹೇಳೋಕಾಗಲ್ಲ, ಎಡಿಟ್ ಮಾಡಬೇಕಾಗುತ್ತೆ.

ಆ ಗೋಲಿ ಎಲ್ಲಿಂದ ಬಂತು ಅಂತ ನಾನು ಹುಡುಕೋಕೆ ಶುರು ಮಾಡಿದ್ದು ತಪ್ಪಿತಸ್ಥ ಭಾವದಿಂದ. ಅದು ಪೂರಾ ಸುಳ್ಳು ಅಂತ ಸಿಕ್ಕಿದ್ದರೆ ನೆಮ್ಮದಿಯಾಗ್ತಿತ್ತು. ಆದರೆ ಅದರ ಹಿಂದೆ ನಿಜವಾದ ಒಂದು ಚಿಕಿತ್ಸೆ ಇದೆ. ಹೆಸರು ಇ.ಎಂ.ಡಿ.ಆರ್. ಬಿಡಿಸಿ ಹೇಳಿದರೆ ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಆ್ಯಂಡ್ ರೀಪ್ರೊಸೆಸಿಂಗ್. ಇನ್ಮೇಲೆ ಈ ಉದ್ದದ ಹೆಸರು ಹೇಳೋದಿಲ್ಲ, ಹೆದರಬೇಡಿ.

ನಮ್ಮ ಭಾಷೆಯಲ್ಲಿ ಯಾವುದೋ ಒಂದು ಘಟನೆ ಮರೆಯೋಕಾಗದಷ್ಟು ನಿಚ್ಚಳವಾಗಿದ್ದರೆ "ಕಣ್ಣಿಗೆ ಕಟ್ಟಿದ ಹಾಗೆ" ಇದೆ ಅಂತೀವಿ. ತಲೆಗೆ ಕಟ್ಟಿದ ಹಾಗೆ ಅನ್ನಲ್ಲ. ಕಟ್ಟಿದ್ದನ್ನ ಕಣ್ಣಿನಿಂದಲೇ ಬಿಚ್ಚೋಕಾಗುತ್ತಾ ಅನ್ನೋದು ಇವತ್ತಿನ ಪ್ರಶ್ನೆ.

ಇತಿಹಾಸ ಶುರುವಾಗೋದೂ ಒಂದು ಅಪಘಾತದಿಂದಲೇ. 1865ರ ಜೂನ್ 9. ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಅನ್ನೋ ಊರಿನ ಹತ್ತಿರ ಸೇತುವೆ ಮೇಲೆ ಹಳಿ ರಿಪೇರಿ ನಡೀತಿತ್ತು. ರೈಲು ಬಂದು ಹಳಿ ತಪ್ಪಿ ಬಿತ್ತು, ಹತ್ತು ಜನ ಸತ್ತರು. ಉಳಿದವರಲ್ಲಿ ಒಬ್ಬರು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. ಮೈಮೇಲೆ ಗಾಯ ಇರಲಿಲ್ಲ. ಕೆಳಗಿಳಿದು ಗಾಯಾಳುಗಳಿಗೆ ನೀರು ಕುಡಿಸಿದರು, ಧೈರ್ಯ ಹೇಳಿದರು. ಆದರೆ ಆಮೇಲೆ ರೈಲು ಹತ್ತಿದರೆ ನಡುಕ. ಐದು ವರ್ಷ ಹೀಗೇ ಕಳೆದು, 1870ರಲ್ಲಿ ಸರಿಯಾಗಿ ಅದೇ ಜೂನ್ 9ರಂದು ತೀರಿಕೊಂಡರು.

ಆ ಕಾಲದಲ್ಲಿ ಇಂಥವರು ಬಹಳ ಜನ ಇದ್ದರು. 1866ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಎರಿಕ್ ಎರಿಕ್ಸನ್ ಇದರ ಮೇಲೆ ಪುಸ್ತಕವನ್ನೇ ಬರೆದರು. ರೈಲಿನ ಧಕ್ಕೆಗೆ ಬೆನ್ನುಹುರಿಗೆ ಕಣ್ಣಿಗೆ ಕಾಣದ ಪೆಟ್ಟಾಗಿದೆ ಅನ್ನೋದು ಅವರ ವಾದ. ಜನ ಇದನ್ನ "ರೈಲ್ವೆ ಸ್ಪೈನ್" ಅಂತ ಕರೆದರು. ಇದರ ಹಿಂದೆ ದುಡ್ಡಿನ ಕಥೆ ಇದೆ, ನನಗೆ ಬಹಳ ಇಷ್ಟವಾದ ಭಾಗ ಅದೇ. ಪರಿಹಾರಕ್ಕಾಗಿ ಪ್ರಯಾಣಿಕರು ರೈಲ್ವೆ ಕಂಪನಿಗಳ ಮೇಲೆ ಕೇಸು ಹಾಕ್ತಿದ್ದರು. ಕಂಪನಿ ಕಡೆಯ ಡಾಕ್ಟರು ಇದು ನಾಟಕ ಅಂತಿದ್ದರು, ಪ್ರಯಾಣಿಕರ ಕಡೆಯ ಡಾಕ್ಟರು ಬೆನ್ನುಹುರಿ ಅಂತಿದ್ದರು. ಮನಸ್ಸಿಗೆ ಪೆಟ್ಟಾಗಿದೆ ಅಂದರೆ ಕೋರ್ಟಿನಲ್ಲಿ ನಿಲ್ಲೋದು ಕಷ್ಟ, ಅದಕ್ಕೆ ಬೆನ್ನು.

ನಮ್ಮ ಕಾಕಾನ ಕ್ಲೇಮ್ ಕೇಸಿನಲ್ಲೂ ಹೆಗಲಿನ ಎಕ್ಸ್‌ರೇ ಲಗತ್ತಿಸಿದ್ದರು. ಆಸ್ಪತ್ರೆ ಬಿಲ್ಲು, ದುಡಿಮೆ ತಪ್ಪಿದ ದಿನಗಳ ಲೆಕ್ಕ ಎಲ್ಲ ಇತ್ತು. ಮೆಣಸಿನಕಾಯಿ ಬಿಟ್ಟ ಲೆಕ್ಕ ಎಲ್ಲೂ ಇರಲಿಲ್ಲ. ಅದನ್ನ ಬರೆಸಬೇಕು ಅಂತ ನಮಗೂ ಹೊಳೆದಿರಲಿಲ್ಲ ಅನ್ನಿ.

ರೈಲಾದ ಮೇಲೆ ಯುದ್ಧ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನುವವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ "ಶೆಲ್ ಶಾಕ್" ಬಗ್ಗೆ ಬರೆದರು. ಎರಡನೇ ಮಹಾಯುದ್ಧ, ವಿಯೆಟ್ನಾಂ, ಪ್ರತಿ ಯುದ್ಧಕ್ಕೂ ಹೊಸ ಹೊಸ ಹೆಸರು. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಗಳ ಪಟ್ಟಿಯ ಮೂರನೇ ಆವೃತ್ತಿಯಲ್ಲಿ ಪಿ.ಟಿ.ಎಸ್.ಡಿ. ಅಂತ ಸೇರಿಸಿದರು. ಘಟನೆ ಮುಗಿದರೂ ಮೈಮನಸ್ಸಿಗೆ ಅದು ಮುಗಿಯದೇ ಇರೋ ಸ್ಥಿತಿ. ಡಿಕನ್ಸ್ ಸತ್ತು ನೂರಾ ಹತ್ತು ವರ್ಷವಾಗಿತ್ತು.

ಈಗ ನಮ್ಮ ಕಡೆ ಬರೋಣ. ಧಾರವಾಡದ ಹುಚ್ಚರಾಸ್ಪತ್ರೆ, ಹಾಗೇ ಕರೀತಿದ್ದರು, ಶುರುವಾದದ್ದು 1845ರಲ್ಲಿ, ಸ್ಟೇಪಲ್‌ಹರ್ಸ್ಟ್ ಅಪಘಾತಕ್ಕಿಂತ 20 ವರ್ಷ ಮೊದಲು. ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯೊಳಗೇ ಇತ್ತು. ಹೀಗಾಗಿ "ಇವನನ್ನ ಧಾರವಾಡಕ್ಕ ಕಳಸಬೇಕು ನೋಡು" ಅನ್ನೋ ಬೈಗುಳ ನಮಗೆ ಹುಟ್ಟಿದಾಗಿಂದ ಗೊತ್ತು. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ಹೇಳ್ತಾರೆ, ಊರು ಬೇರೆ, ಬೈಗುಳ ಒಂದೇ. ಅಂಜಿಕೆ ಹಿಡಿದವರನ್ನ ಮಾತ್ರ ಯಾರೂ ಧಾರವಾಡಕ್ಕೆ ಕರಕೊಂಡು ಹೋಗ್ತಿರಲಿಲ್ಲ. ಅಂಜಿಕೆ ಬೇರೆ, ಹುಚ್ಚು ಬೇರೆ ಅಂತ ಜನಕ್ಕೆ ಗೊತ್ತಿತ್ತು. ಅಂಜಿಕೆಗೆ ತಾಯತ, ಮಂತ್ರಿಸಿದ ನೀರು, ಇಲ್ಲಾಂದ್ರೆ ದರ್ಗಾಕ್ಕೆ ಹೋಗಿ ಮುಖದ ಮುಂದೆ ನವಿಲುಗರಿ ಆಡಿಸಿಕೊಂಡು ಬರೋದು. ಕಾಕಾನಿಗೂ ಇದೆಲ್ಲ ಆಗಿದೆ. ಆ ನವಿಲುಗರಿಯನ್ನ ನೆನಪಿಟ್ಟುಕೊಳ್ರಿ, ಆಮೇಲೆ ಬೇಕು.

1981ರ ಫೆಬ್ರವರಿ 7, ಶನಿವಾರ. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಈ ಸುದ್ದಿ ನಿಮ್ಮ ಅಪ್ಪ ಅವ್ವನ ವಯಸ್ಸಿನವರಿಗೆ ನೆನಪಿರಬಹುದು. ಆದರೆ ಅದರ ನಂತರ ನಡೆದ ಒಂದು ಕೆಲಸ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ನಿಮ್ಹಾನ್ಸ್‌ನ ಹೆಚ್.ಎಸ್. ನಾರಾಯಣನ್ ಮತ್ತು ಸಂಗಡಿಗರು ಸತ್ತವರ ಮನೆಯವರ ದುಃಖವನ್ನ ಅಧ್ಯಯನ ಮಾಡಿದರು. ನಮ್ಮ ದೇಶದಲ್ಲಿ ಒಂದು ದುರಂತ ಆದಮೇಲೆ, ಎಷ್ಟು ಜನ ಸತ್ತರು, ಎಷ್ಟು ಪರಿಹಾರ ಅನ್ನೋದರ ಆಚೆಗೆ ಹೋಗಿ ಉಳಿದವರ ಮನಸ್ಸನ್ನ ನೋಡಿದ ಮೊದಮೊದಲ ಅಧ್ಯಯನಗಳಲ್ಲಿ ಇದೂ ಒಂದು. ಅದು ನಿಮ್ಹಾನ್ಸ್ ಜರ್ನಲ್‌ನಲ್ಲಿ ಪ್ರಕಟವಾದದ್ದು 1987ರಲ್ಲಿ. ಅಷ್ಟರಲ್ಲಿ ಭೋಪಾಲ್ ಅನಿಲ ದುರಂತವೂ ಆಗಿತ್ತು. ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ತೊಂದರೆ ಗುರುತಿಸೋದು ಹೇಗೆ ಅಂತ ಕೈಪಿಡಿ ಬರೆದುಕೊಟ್ಟವರು ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತವರ ತಂಡ. ಆ ತಂಡದಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಕೂಡ ಇದ್ದರು. ಕನ್ನಡ ಪೇಪರುಗಳಲ್ಲಿ ಮನಸ್ಸಿನ ಬಗ್ಗೆ ವರ್ಷಗಟ್ಟಲೆ ಬರೆದ ಅದೇ ಸಿ.ಆರ್.ಸಿ. ನಮ್ಮ ಮನೆಯಲ್ಲಿ ಅವರ ಪುಸ್ತಕ ಇದೆ, ಅವ್ವ ಅದರ ಮೇಲೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಟ್ಟಿದ್ದಾಳೆ.

ಬೆಂಗಳೂರಿನ ಅಧ್ಯಯನ ಅಚ್ಚಾದ ಅದೇ 1987ರಲ್ಲಿ, ಕ್ಯಾಲಿಫೋರ್ನಿಯಾದ ಒಂದು ಪಾರ್ಕಿನಲ್ಲಿ ಫ್ರಾನ್ಸಿನ್ ಶಪಿರೊ ಅನ್ನೋ ಮಹಿಳೆ ವಾಕಿಂಗ್ ಹೋಗಿದ್ದರು. ಅವರು ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ. 1979ರಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ, ಮೈಗೂ ಮನಸ್ಸಿಗೂ ಏನು ಸಂಬಂಧ ಅಂತ ಹುಡುಕುತ್ತಾ ಸಾಹಿತ್ಯ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದವರು. ಪಾರ್ಕಿನಲ್ಲಿ ನಡೀವಾಗ ಯಾವುದೋ ಕಾಡುವ ಯೋಚನೆ ತನ್ನಷ್ಟಕ್ಕೇ ಹಗುರಾಯ್ತಂತೆ. ಗಮನಿಸಿದರೆ, ಆ ಯೋಚನೆ ಬಂದಾಗ ಅವರ ಕಣ್ಣು ಅತ್ತಿತ್ತ ಬೇಗಬೇಗ ಓಡ್ತಿದ್ದವಂತೆ. ಬೇಕಂತಲೇ ಕಣ್ಣು ಆಡಿಸಿ ನೋಡಿದರು. ಗೆಳೆಯರು, ಪರಿಚಯದವರು ಅಂತ ಸುಮಾರು 70 ಜನರ ಮೇಲೆ ಪ್ರಯೋಗ ಮಾಡಿದರು. ತನ್ನಷ್ಟಕ್ಕೆ ಕಣ್ಣು ಆಡಿಸೋದು ಜನಕ್ಕೆ ಕಷ್ಟವಾಯ್ತು. ಅದಕ್ಕೆ ಅವರ ಮುಂದೆ ತಮ್ಮ ಎರಡು ಬೆರಳು ಆಡಿಸಿದರು. ಇಡೀ ಚಿಕಿತ್ಸೆಯ ಗುರುತಾಗಿಹೋದ ಬೆರಳುಗಳು ಅವೇ.

ಈ ಪಾರ್ಕಿನ ಕಥೆಯನ್ನ ನಾನು "ಅಂತೆ" ಹಚ್ಚಿ ಹೇಳ್ತಿರೋದಕ್ಕೆ ಕಾರಣ ಇದೆ. 1995ರಲ್ಲಿ ಜೆರಾಲ್ಡ್ ರೋಸೆನ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ತಕರಾರು ತೆಗೆದರು. ನಮ್ಮ ಕಣ್ಣಿನ ಚಿಕ್ಕ ಚಿಕ್ಕ ಜಿಗಿತ ನಮಗೇ ತಿಳಿಯೋದಿಲ್ಲ, ಹಾಗಿರುವಾಗ ಇವರಿಗೆ ಹೇಗೆ ತಿಳೀತು ಅಂತ. ಈಗ ನೀವೂ ಸುಮ್ಮನೆ ಕೋಣೆಯೊಳಗೆ ಕಣ್ಣು ಆಡಿಸಿ ನೋಡಿ. ಗಾಡಿ ಓಡಿಸ್ತಿದ್ದರೆ ಬೇಡ.

1989ರಲ್ಲಿ ಶಪಿರೊ ಮೊದಲ ಅಧ್ಯಯನ ಪ್ರಕಟಿಸಿದರು. 22 ಜನ. ಯುದ್ಧ, ಅತ್ಯಾಚಾರ, ಮಕ್ಕಳಾಗಿದ್ದಾಗಿನ ಹಿಂಸೆ ಅನುಭವಿಸಿದವರು. ಒಂದೇ ಒಂದು ಸೆಷನ್‌ನಲ್ಲಿ ದೊಡ್ಡ ಬದಲಾವಣೆ ಅಂತ ವರದಿ. ಕೇಳಿದವರಿಗೆ ಒಂದೋ ಪವಾಡ, ಇಲ್ಲಾ ಮೋಸ. ಮುಂದೆ ಅವರೇ "ಒಂದೇ ಸೆಷನ್" ಅನ್ನೋ ಮಾತಿನಿಂದ ಹಿಂದೆ ಸರಿದು, ಎಂಟು ಹಂತದ ಉದ್ದ ವಿಧಾನ ಮಾಡಿದರು. ರೀಲ್ ಮಾಡೋರಿಗೆ ಮಾತ್ರ ಆ ಹಳೇ ಮಾತೇ ಇಷ್ಟ.

ಅವರು ಕೊಟ್ಟ ವಿವರಣೆ ನನಗೆ ಟ್ಯಾಲಿ ಭಾಷೆಯಲ್ಲೇ ಅರ್ಥವಾಗೋದು, ಕ್ಷಮಿಸಿ. ಯಾವ ಲೆಡ್ಜರ್‌ಗೆ ಹಾಕಬೇಕು ಅಂತ ಗೊತ್ತಾಗದ ಎಂಟ್ರಿಯನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಲ್ಲ. ಸಾಮಾನ್ಯ ನೆನಪು ತನ್ನ ಲೆಡ್ಜರ್‌ಗೆ ಹೋಗಿ "ಅದು 2019ರಲ್ಲಿ ಆಗಿದ್ದು, ಮುಗೀತು" ಅಂತ ಕೂರುತ್ತೆ. ಆಘಾತದ ನೆನಪು ಸಸ್ಪೆನ್ಸ್‌ನಲ್ಲೇ ಉಳೀತದೆ. ವಾಸನೆ, ಬಣ್ಣ, ಸದ್ದು ಎಲ್ಲ ಹಸಿಹಸಿಯಾಗಿ. ಪ್ರತಿ ಸಲ ಪುಸ್ತಕ ತೆರೆದಾಗ ಅದೇ ಎದುರಿಗೆ. ಶಪಿರೊ ಪ್ರಕಾರ ಈ ಚಿಕಿತ್ಸೆ ಆ ಎಂಟ್ರಿಯನ್ನ ಸರಿಯಾದ ಜಾಗಕ್ಕೆ ದಾಟಿಸುತ್ತೆ. ಚಂದದ ವಿವರಣೆ. ಆದರೆ ಮಿದುಳಿನಲ್ಲಿ ನಿಜಕ್ಕೂ ಹೀಗೇ ನಡೆಯುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಅವರು ಕೊಡಲಿಲ್ಲ.

ಇನ್ನೊಂದು ಕಡೆ ವ್ಯವಹಾರ. ಶುರುವಿನ ವರ್ಷಗಳಲ್ಲಿ ಇದರ ತರಬೇತಿಗೆ ದುಡ್ಡು ಕೊಟ್ಟು ಹೋದವರು, ಬೇರೆಯವರಿಗೆ ಕಲಿಸೋದಿಲ್ಲ ಅಂತ ಬರೆದುಕೊಡಬೇಕಿತ್ತು. ಅರ್ಧಂಬರ್ಧ ಕಲಿತವರು ರೋಗಿಗಳಿಗೆ ತೊಂದರೆ ಮಾಡಬಾರದು ಅನ್ನೋದು ಶಪಿರೊ ಸಮರ್ಥನೆ. ವಿಜ್ಞಾನ ಅಂದ್ಮೇಲೆ ಗುಟ್ಟು ಯಾಕೆ ಅನ್ನೋದು ವಿರೋಧಿಗಳ ಪ್ರಶ್ನೆ. ಅರ್ಧಂಬರ್ಧ ಕಲಿತು ಕಾಕಾನ ಎರಡು ರಾತ್ರಿ ನಿದ್ದೆ ಕೆಡಿಸಿದ ನನಗೆ, ಎರಡೂ ಕಡೆ ಸರಿ ಅನ್ನಿಸುತ್ತೆ.

1999ರಲ್ಲಿ ರಿಚರ್ಡ್ ಮೆಕ್‌ನಲಿ ಅನ್ನೋ ಹಾರ್ವರ್ಡ್ ಮನಶ್ಶಾಸ್ತ್ರಜ್ಞರು ಇದನ್ನ ಮೆಸ್ಮರ್‌ಗೆ ಹೋಲಿಸಿ ಬರೆದರು. ಮೆಸ್ಮರ್ 18ನೇ ಶತಮಾನದ ವೈದ್ಯ, ಪ್ಯಾರಿಸ್ಸಿನಲ್ಲಿ ಕೈ ಆಡಿಸಿ, ಅಯಸ್ಕಾಂತ ಶಕ್ತಿ ಹರಿಸ್ತೀನಿ ಅಂತ ರೋಗ ವಾಸಿ ಮಾಡ್ತಿದ್ದವನು. 1784ರಲ್ಲಿ ಫ್ರಾನ್ಸಿನ ರಾಜ ಸಮಿತಿ ಹಾಕಿದ, ಬೆಂಜಮಿನ್ ಫ್ರಾಂಕ್ಲಿನ್ ಅದರಲ್ಲಿದ್ದರು. ಶಕ್ತಿ ಹರಿಸದೇ ಹರಿಸಿದ್ದೀವಿ ಅಂತ ಸುಳ್ಳು ಹೇಳಿದರೂ ಜನ ಮೂರ್ಛೆ ಹೋಗ್ತಿದ್ದರು. ಹಾಗಾಗಿ ಇದೆಲ್ಲ ಕಲ್ಪನೆಯ ಪ್ರಭಾವ ಅಂತ ಸಮಿತಿ ಬರೆಯಿತು. ಇ.ಎಂ.ಡಿ.ಆರ್. ಬಗ್ಗೆ ಮೆಕ್‌ನಲಿ ವಾದದ ಸಾರ ಏನಪ್ಪಾ ಅಂದ್ರೆ, ಇದರಲ್ಲಿ ಗುಣ ಮಾಡೋ ಭಾಗ ಹಳೆಯದೇ, ಅಂದ್ರೆ ಅಂಜಿಕೆಯ ನೆನಪನ್ನ ಸುರಕ್ಷಿತ ಜಾಗದಲ್ಲಿ ಎದುರಿಸೋದು. ಹೊಸದಾಗಿ ಸೇರಿಸಿದ ಕಣ್ಣಿನ ಆಟ ಬರೀ ಅಲಂಕಾರ.

ಅಂದ್ರೆ ನಮ್ಮ ದರ್ಗಾದ ನವಿಲುಗರಿಗೂ ಶಪಿರೊ ಬೆರಳಿಗೂ ವ್ಯತ್ಯಾಸ ಇಲ್ವಾ? ನಾನು ಇದರ ಮೇಲೆ ಬಹಳ ದಿನ ತಲೆ ಕೆಡಿಸಿಕೊಂಡೆ. ನವಿಲುಗರಿಯವರನ್ನ ಗೇಲಿ ಮಾಡೋ ಮನಸ್ಸು ನನಗಿಲ್ಲ. ಕಾಕಾ ಅಲ್ಲಿಂದ ಬಂದ ದಿನ ಚೆನ್ನಾಗಿ ನಿದ್ದೆ ಮಾಡಿದ್ದನ್ನ ನಾನೇ ನೋಡಿದ್ದೀನಿ. ಆದರೆ ಒಂದು ವ್ಯತ್ಯಾಸ ಇದೆ. ನವಿಲುಗರಿ ಆಡಿಸುವಾಗ ಕಾಕಾ ಕಣ್ಣು ಮುಚ್ಚಿ ದೇವರನ್ನ ನೆನೀತಿದ್ದರು. ಬೆರಳು ಆಡಿಸುವವರು ನೆನೆಸ್ಕೋ ಅನ್ನೋದು ಯಾವುದರಿಂದ ಓಡಿ ಹೋಗ್ತಿದ್ದೀಯೋ ಅದನ್ನೇ. ಇನ್ನೊಂದು, ಇವರು ಲೆಕ್ಕ ಇಟ್ಟರು. ಕಣ್ಣು ಆಡಿಸಿದವರು ಒಂದು ಗುಂಪು, ಆಡಿಸದವರು ಒಂದು ಗುಂಪು ಅಂತ ಹೋಲಿಸಿ, ಸೋತರೂ ಗೆದ್ದರೂ ಅಚ್ಚು ಹಾಕಿದರು.

ಆ ಲೆಕ್ಕ ಎಲ್ಲಿಗೆ ಬಂತು? ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. 2001ರಲ್ಲಿ ಡೇವಿಡ್‌ಸನ್ ಮತ್ತು ಪಾರ್ಕರ್ ಅಲ್ಲಿಯವರೆಗಿನ ಅಧ್ಯಯನಗಳನ್ನ ಕೂಡಿಸಿ ನೋಡಿ, ಚಿಕಿತ್ಸೆಯಿಂದ ಉಪಯೋಗ ಇದೆ, ಆದರೆ ಕಣ್ಣು ಆಡಿಸೋದರಿಂದ ಹೆಚ್ಚುವರಿ ಲಾಭ ಕಾಣಲ್ಲ ಅಂದರು. 2013ರಲ್ಲಿ ಲೀ ಮತ್ತು ಕೈಪರ್ಸ್ ಮತ್ತೆ ಕೂಡಿಸಿ ನೋಡಿ, ಇಲ್ಲ, ಲಾಭ ಇದೆ ಅಂದರು. ಜಗಳ ಇನ್ನೂ ನಿಂತಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾದದ್ದು ಮೂರನೇ ದಾರಿ. 1997ರಲ್ಲಿ ಜಾಕಿ ಆಂಡ್ರೇಡ್ ಮತ್ತು ಸಂಗಡಿಗರು ಒಂದು ಸರಳ ವಿಷಯ ತೋರಿಸಿದರು. ನೀವು ಕ್ಯಾಷ್ ಎಣಿಸ್ತಾ ಇರುವಾಗ ಯಾರಾದರೂ "ಟೈಮ್ ಎಷ್ಟಾತು?" ಅಂದ್ರೆ ಎಣಿಕೆ ತಪ್ಪುತ್ತಲ್ವಾ? ತಕ್ಷಣಕ್ಕೆ ತಲೆಯಲ್ಲಿ ಹಿಡಿದಿಡೋ ಜಾಗ ಚಿಕ್ಕದು. ಒಂದು ಕಹಿ ಚಿತ್ರವನ್ನ ಅಲ್ಲಿ ಹಿಡಿದುಕೊಂಡು, ಅದೇ ಹೊತ್ತಿಗೆ ಓಡೋ ಬೆರಳನ್ನ ಹಿಂಬಾಲಿಸಬೇಕು ಅಂದರೆ, ಎರಡಕ್ಕೂ ಜಾಗ ಸಾಲೋದಿಲ್ಲ. ಚಿತ್ರ ಮಸುಕಾಗುತ್ತೆ, ಅದರ ಉರಿ ಕಡಿಮೆಯಾಗುತ್ತೆ. ಆಮೇಲೆ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನ ಮುಂದುವರಿಸಿದರು. ಲೆಕ್ಕ ಹಿಂದುಮುಂದು ಎಣಿಸಿದರೂ ಹೀಗೇ ಆಗುತ್ತೆ ಅಂತ ಕಂಡಿತು. ಕಿವಿಯಲ್ಲಿ ಬರೋ ಟಕ್ ಟಕ್ ಸದ್ದು ಕಣ್ಣಿನಷ್ಟು ಪರಿಣಾಮ ಮಾಡಲ್ಲ ಅಂತಲೂ ಕಂಡಿತು. ಆ ಸದ್ದು ಕೇಳ್ತಾ ಕೂರೋಕೆ ತಲೆಗೆ ಅಷ್ಟೇನೂ ಕೆಲಸ ಇಲ್ಲ.

ಹಾಗಾದರೆ ಕಣ್ಣಿನಲ್ಲಿ ಮಾಯೆ ಏನೂ ಇಲ್ಲ. ಇದು ನನ್ನ ತೀರ್ಮಾನ, ನೀವು ಒಪ್ಪಬೇಕು ಅಂತಿಲ್ಲ.

ಮಾಯೆ ಇಲ್ಲದಿದ್ದರೂ ಕೆಲಸ ಆಗುತ್ತೆ ಅಂತ ಒಪ್ಪಿದವರು ದೊಡ್ಡವರೇ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿ.ಟಿ.ಎಸ್.ಡಿ.ಗೆ ಎರಡು ಮಾತಿನ ಚಿಕಿತ್ಸೆಗಳನ್ನ ಸೂಚಿಸಿತು, ಒಂದು ಆಘಾತಕ್ಕೆ ಹೊಂದಿಸಿದ ಸಿ.ಬಿ.ಟಿ., ಇನ್ನೊಂದು ಇ.ಎಂ.ಡಿ.ಆರ್. ಅದೇ ದಾಖಲೆಯಲ್ಲಿ ನನ್ನನ್ನ ತಡೆದು ನಿಲ್ಲಿಸಿದ ಒಂದು ಸಾಲಿನ ಅರ್ಥ ಇಷ್ಟು: ಆಘಾತವಾದ ಮೊದಲ ತಿಂಗಳಲ್ಲಿ ಆ ಅಂಜಿಕೆ ಕಡಿಮೆ ಮಾಡೋಕೆ ಅಂತ ಬೆಂಜೋಡಯಾಜೆಪೈನ್ ಜಾತಿಯ ಗುಳಿಗೆ ಕೊಡಬಾರದು. ನಮ್ಮಲ್ಲಿ "ನಿದ್ದಿ ಗುಳಿಗಿ" ಅಂತ ಕರೆಯೋದರಲ್ಲಿ ಬಹಳಷ್ಟು ಇದೇ ಜಾತಿ. ಅಪಘಾತ ಆದ ಮನೆಗೆ ಮೊದಲು ಬರೋದು ಅದೇ. ಈಗಾಗಲೇ ತಗೊಳ್ತಿರೋರು ಈ ಪಾಡ್‌ಕಾಸ್ಟ್ ಕೇಳಿ ಏಕಾಏಕಿ ನಿಲ್ಲಿಸಬೇಡಿ ಮತ್ತೆ, ಅದೂ ಅಪಾಯ. ಡಾಕ್ಟರನ್ನ ಕೇಳ್ರಿ.

ಈ ಚಿಕಿತ್ಸೆ ಜಗತ್ತಿನಲ್ಲಿ ಹರಡಿದ ದಾರಿ ನೋಡಿದರೆ ಅದು ದುರಂತಗಳ ನಕ್ಷೆ. 1995ರಲ್ಲಿ ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ ಬಾಂಬ್ ಸಿಡಿದು 168 ಜನ ಸತ್ತರು. ಅಲ್ಲಿಗೆ ಹೋಗಿ ಪುಕ್ಕಟೆ ಚಿಕಿತ್ಸೆ ಕೊಟ್ಟ ತಂಡವೇ ಮುಂದೆ ಬೇರೆ ಬೇರೆ ದೇಶಗಳಿಗೆ ಹೋಯಿತು. 1997ರಲ್ಲಿ ಮೆಕ್ಸಿಕೋದ ಅಕಾಪುಲ್ಕೋಗೆ ಚಂಡಮಾರುತ ಬಡಿದಾಗ ಮಕ್ಕಳು ನೂರಾರು, ಚಿಕಿತ್ಸಕರು ಬೆರಳೆಣಿಕೆ. ಎಲ್ಲರ ಮುಂದೆ ಬೆರಳಾಡಿಸೋದು ಆಗದ ಮಾತು. ಆಗ ಲುಸಿನಾ ಆರ್ಟಿಗಾಸ್ ಅನ್ನುವವರು ಮಕ್ಕಳಿಗೆ ಎದೆ ಮೇಲೆ ಕೈ ಅಡ್ಡ ಕಟ್ಟಿಕೊಂಡು ಒಂದಾದ ಮೇಲೊಂದು ಹೆಗಲನ್ನ ತಾವೇ ತಟ್ಟಿಕೊಳ್ಳೋದು ಕಲಿಸಿದರು. ಚಿಟ್ಟೆ ಅಪ್ಪುಗೆ ಅಂತ ಅದಕ್ಕೆ ಹೆಸರು. ನಮ್ಮ ದೇಶಕ್ಕೂ ಇದು ಹೀಗೇ ಬಂತು, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಇವುಗಳ ಬೆನ್ನಿಗೆ. ಶಪಿರೊ 2019ರ ಜೂನ್‌ನಲ್ಲಿ ತೀರಿಕೊಂಡರು. ಕಾಕಾನ ಅಪಘಾತವಾಗಿ ಆಗ ಐದು ತಿಂಗಳು. ಅವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನಗೆ ಕಾಡೋ ವಿಷಯ ಇದು. ಭೂಕಂಪ ಆದರೆ ತಂಡ ಬರುತ್ತೆ. ಒಂದು ಟಾಟಾ ಏಸ್‌ಗೆ ಯಾರು ಬರ್ತಾರೆ? 2024ರ ಜೂನ್ 28ರ ನಸುಕಿನಲ್ಲಿ ನಮ್ಮದೇ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತ ಲಾರಿಗೆ ಟಿ.ಟಿ. ವಾಹನ ಹೊಡೆದು 13 ಜನ ಹೋದರು. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು, ಸವದತ್ತಿ ಎಲ್ಲಮ್ಮನ ದರ್ಶನ ಮುಗಿಸಿ ಊರಿಗೆ ಹೊರಟವರು. ಅದೇ ಹೈವೇ, ಅದೇ ನಿಂತ ಲಾರಿ. ಟಿವಿಯಲ್ಲಿ ಬಂದಾಗ ಕಾಕಾ ಎದ್ದು ಹೋಗಿ ಹಿತ್ತಲಲ್ಲಿ ಕೂತರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯ್ತು, ಇಬ್ಬರು ರೈತರು ಜೀವ ಕಳಕೊಂಡರು. ಅವತ್ತು ಆ ಗುಂಪಿನಲ್ಲಿದ್ದು ಏನೂ ಆಗದೆ ಮನೆಗೆ ಬಂದವರು ಎಷ್ಟೋ ಜನ. ಏನೂ ಆಗದೆ ಅಂತ ನಾವು ಅಂತೀವಿ.

ವ್ಯವಸ್ಥೆ ಇಲ್ಲ ಅಂತ ಅಲ್ಲ, ಅದನ್ನೂ ಹೇಳಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ಗುರುತಿಸೋ ತರಬೇತಿ. ಅದೇ ಮಾದರಿ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಬಂತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಾನು ಮೊದಲು ಮಾಡಿದ್ದೂ ಆ ನಂಬರಿಗೇ, ಕಾಕಾನ ಪರವಾಗಿ. ನಂಬರಿದೆ, ಆಸ್ಪತ್ರೆ ಇದೆ. ಹೋಗಬೇಕಾದ ಕಾಯಿಲೆ ಇದು ಅಂತ ಕಾಕಾನಿಗೆ ಹೇಳೋರು ಮಾತ್ರ ಐದು ವರ್ಷ ಯಾರೂ ಇರಲಿಲ್ಲ, ನಾನೂ ಸೇರಿ.

ಹುಬ್ಬಳ್ಳಿಯಲ್ಲಿ ಈ ಚಿಕಿತ್ಸೆಯ ತರಬೇತಿ ಪಡೆದ ಒಬ್ಬ ಸೈಕಾಲಜಿಸ್ಟ್ ಮೇಡಂ ಸಿಕ್ಕರು. ನಾನು ರೀಲ್ ತೋರಿಸಿದ ಕಥೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯ್ತು. ಎಂಟು ಹಂತದಲ್ಲಿ ಬೆರಳು ಬರೋದೇ ನಾಲ್ಕನೆಯದಕ್ಕೆ ಅಂದರು. ಅದಕ್ಕೂ ಮೊದಲು ಪೂರ್ತಿ ಕಥೆ ಕೇಳೋದು, ಯಾವ ನೆನಪು ಮುಟ್ಟಬಹುದು, ಯಾವುದು ಈಗಲೇ ಬೇಡ ಅಂತ ನೋಡೋದು, ಗಾಬರಿಯಾದರೆ ವಾಪಸ್ ಬರೋದು ಹೇಗೆ ಅಂತ ಉಸಿರಾಟ ಕಲಿಸೋದು, ಕೈ ಎತ್ತಿದರೆ ನಿಲ್ಲಿಸ್ತೀನಿ ಅಂತ ಒಪ್ಪಂದ. ಸೊನ್ನೆಯಿಂದ ಹತ್ತರ ತನಕ ಈಗ ಎಷ್ಟು ತ್ರಾಸ ಅಂತ ನಂಬರ್ ಕೇಳ್ತಾರೆ. ಬೆರಳು ಆಡಿಸೋದು ಒಂದು ಸಲಕ್ಕೆ ಅರ್ಧ ನಿಮಿಷದಷ್ಟು, ಆಮೇಲೆ ನಿಲ್ಲಿಸಿ "ಈಗ ಏನು ಬಂತು?" ಅನ್ನೋದು. ಪ್ರತಿ ಸಲ ಮುಗಿಸುವಾಗ ಮನುಷ್ಯ ಶಾಂತವಾಗಿ ಮನೆಗೆ ಹೋಗೋ ಹಾಗೆ ಮಾಡಿಯೇ ಕಳಿಸೋದು. "ನೀವು ಬಾವಿ ಮುಚ್ಚಳ ತೆಗೆದ್ರಿ, ಹಗ್ಗ ಕೊಡಲಿಲ್ಲ," ಅಂದರು.

ಹುಬ್ಬಳ್ಳಿಗೆ ಹೋಗೋದೇ ಒಂದು ಸಮಸ್ಯೆ. ಬಸ್ಸಿನಲ್ಲಿ ಹೋದರೆ ಆ ಜಾಗ ದಾಟಲೇಬೇಕು. ಎರಡು ಸಲ ರಾಣೆಬೆನ್ನೂರು ಬಸ್ ಸ್ಟ್ಯಾಂಡ್ ತನಕ ಬಂದು ವಾಪಸ್ ಆದೆವು. ಮೂರನೇ ಸಲ ಚಿಗವ್ವನಿಗೆ ಹೊಳೀತು, "ರೈಲಿಗೆ ಹೋಗ್ರಲಾ" ಅಂತ. ಹೋದೆವು. ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಘಾಟು ಬಂತೋ, ನನಗೆ ಹಾಗನ್ನಿಸಿತೋ ಗೊತ್ತಿಲ್ಲ. ಕಾಕಾ ಎದ್ದು ಕಿಟಕಿ ಶಟರ್ ಇಳಿಸಿ, ಟವೆಲ್ ಮೂಗಿಗೆ ಹಿಡಿದು ಕೂತರು. ಇಳಿದು ಹೋಗಲಿಲ್ಲ.

ಮೊದಲ ದಿನ ಮೇಡಂ ಬೆರಳು ಎತ್ತಲೇ ಇಲ್ಲ. ನಿದ್ದೆ, ಊಟ, ಹೊಲ, ಸತ್ತ ಗೆಳೆಯರ ಮಕ್ಕಳು ಏನ್ ಓದ್ತಾರೆ, ಇಷ್ಟೇ ಕೇಳಿದರು. ಕಾಕಾ ಗೆಳೆಯರ ಹೆಸರು ಬಾಯಿ ಬಿಟ್ಟು ಹೇಳಿದ್ದನ್ನ ನಾನು ಕೇಳಿದ್ದು ಐದು ವರ್ಷದಲ್ಲಿ ಅವತ್ತೇ. ಈಗ ನಾಲ್ಕು ಸಲ ಹೋಗಿ ಬಂದಿದ್ದಾರೆ. ನಾಲ್ಕನೇ ಸಲ ಬೆರಳು ಬಂತು. ಒಳಗೆ ಏನಾಯ್ತು ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ನಂಬರ್ ಮಾತ್ರ ಹೇಳಿದರು, ಒಂಬತ್ತಿದ್ದದ್ದು ಏಳು ಅಂತ.

ಐದನೇ ಸಲಕ್ಕೆ ಬರೋ ಗುರುವಾರದ ಟಿಕೆಟ್ ಮಾಡಿಸಿದ್ದೀನಿ. ನಿನ್ನೆ ಕಾಕಾ ಮಾಳಿಗೆ ಹತ್ತಿ ಬಂದು, ಮೈಕ್ ನೋಡಿ, "ನನ್ನ ಸುದ್ದಿನ ಹೇಳಾಕತ್ತಿಯೇನು?" ಅಂದರು. ಹೂಂ, ಹೆಸರು ಹೇಳಂಗಿಲ್ಲ ಅಂದೆ. ಸ್ವಲ್ಪ ಹೊತ್ತು ನಿಂತಿದ್ದು, "ಆ ಗೋಲಿ ತೋರಸಿದ್ದೂ ಹೇಳು ಮತ್ತ," ಅಂದು ಇಳಿದು ಹೋದರು.